ವೇಷ ಕಂಡರು, ಹಾಡು ಕೇಳಲಿಲ್ಲ

ಒಂದು ಹಾಡಿಗೆ ಅರ್ಥ ಹೇಳುವ ಅಧಿಕಾರ ಯಾರದು? ಬರೆದವನದೇ, ಹಾಡಿದವನದೇ, ಕೇಳಿದವನದೇ, ಅಥವಾ ಕೇಳದೆಯೇ ತೀರ್ಪು ಕೊಡಬಲ್ಲ ದೊಡ್ಡವರದೇ? ಆನಂದವರ್ಧನನಿಂದ ಮೊದಲುಗೊಂಡು ಜಗನ್ನಾಥ ಪಂಡಿತನವರೆಗೆ ಎಂಟು ಶತಮಾನಗಳ ಕಾಲ ನಮ್ಮ ಆಲಂಕಾರಿಕರು ಈ ಪ್ರಶ್ನೆಯ ಸುತ್ತಮುತ್ತಲೇ ತಿರುಗಿದರು. ಆದರೆ ಅವರ ವಾದವಿವಾದಗಳು ಪಂಡಿತರ ಗೋಷ್ಠಿಯಲ್ಲಿ ಹುಟ್ಟಿ ಅಲ್ಲಿಯೇ ಮುಗಿದವು. ಅದೇ ಪ್ರಶ್ನೆ 1985ರ ಸೆಪ್ಟೆಂಬರ್ 19ರಂದು ಅಮೆರಿಕದ ಸೆನೆಟ್ ಸಭೆಯ ವಾಣಿಜ್ಯ, ವಿಜ್ಞಾನ ಮತ್ತು ಸಾರಿಗೆ ಸಮಿತಿಯ ಎದುರಿಗೆ ಬಂದು ನಿಂತಿತು. ಅದರ ಕುರಿತು ಅಂದು ನುಡಿದ ಸಾಕ್ಷಿಗಳಲ್ಲಿ ಒಬ್ಬಾತ, ರಂಗದ ಮೇಲೆ ಕೆನ್ನೆಗೆ ಗುಲಾಬಿ ಬಣ್ಣ ಬಳಿದುಕೊಂಡು, ಕಣ್ಣಿಗೆ ಕಾಡಿಗೆ ತೀಡಿ, ಹೊಂಬಣ್ಣದ ಕೆದರುಗೂದಲನ್ನು ಬೆನ್ನ ಮೇಲೆ ಹರಡಿ ಗಂಟಲು ಹರಿಯುವಂತೆ ಕೂಗಿ ಹಾಡುವವನು. ಹೆಸರು ಡೀ ಸ್ನೈಡರ್; ಆತನ ಮೇಳದ ಹೆಸರು ‘ಟ್ವಿಸ್ಟೆಡ್ ಸಿಸ್ಟರ್’.

ಸಾಹಿತ್ಯಕ್ಕೆ ಮೀಸಲಾದ ಈ ಪುಟದಲ್ಲಿ ಇಂಥವರ ಮಾತೇಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಒಂದೆರಡು ಕಂಡಿಕೆ ಓದುವವರೆಗೆ ಹುಬ್ಬು ಸ್ವಸ್ಥಾನದಲ್ಲಿರಲಿ ಎಂದು ಪ್ರಾರ್ಥಿಸುತ್ತೇನೆ. ಕಾವ್ಯಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ಆ ದಿನದ ವಿಚಾರಣೆಯ ವರದಿಯನ್ನು ಎರಡು ಸಲ ಓದಿದ್ದೇನೆ. ಪದ್ಯವನ್ನು ಹೇಗೆ ಓದಬೇಕು, ಹೇಗೆ ಓದಬಾರದು ಎಂಬುದಕ್ಕೆ ಇಷ್ಟು ಜೀವಂತವಾದ ನಿದರ್ಶನ ನಮ್ಮ ಪಠ್ಯಪುಸ್ತಕಗಳಲ್ಲಿ ನನಗೆ ಸಿಕ್ಕಿಲ್ಲ.

ಮೊದಲು ಮೇಳದ ಪರಿಚಯವಾಗಲಿ. ಜೇ ಜೇ ಫ್ರೆಂಚ್ ಎಂಬ ಗಿಟಾರ್ ವಾದಕ ಸೇರಿದ್ದ ‘ಸಿಲ್ವರ್ ಸ್ಟಾರ್’ ಎಂಬ ಸಣ್ಣ ತಂಡವೇ 1973ರಲ್ಲಿ ‘ಟ್ವಿಸ್ಟೆಡ್ ಸಿಸ್ಟರ್’ ಆಯಿತು. ಆಗ ಇಂಗ್ಲೆಂಡಿನಲ್ಲಿ ಸ್ಲೇಡ್, ಟಿ. ರೆಕ್ಸ್ ಮೊದಲಾದವರೂ ನ್ಯೂಯಾರ್ಕಿನಲ್ಲಿ ‘ನ್ಯೂಯಾರ್ಕ್ ಡಾಲ್ಸ್’ ಎಂಬವರೂ ಗಂಡಸರು ಹೆಂಗಸರಂತೆ ಸಿಂಗರಿಸಿಕೊಂಡು ಹಾಡುವ ಥಳುಕಿನ ಪರಂಪರೆಯೊಂದನ್ನು ತೆರೆದಿದ್ದರು. ಈ ಥಳುಕಿಗೆ ಹೆವಿ ಮೆಟಲ್ ಎಂಬ ಭಾರಿ ಶಬ್ದದ ಗಿಟಾರ್ ಸಂಗೀತವನ್ನು ಬೆಸೆದಾಗ ಹುಟ್ಟಿದ್ದೇ 1980ರ ದಶಕದ ಗ್ಲಾಮ್ ಮೆಟಲ್. 1976ರಲ್ಲಿ ಸ್ನೈಡರ್ ಬಂದು ಸೇರಿದ ಮೇಲೆ ಮೇಳಕ್ಕೆ ಕಂಠವೂ ಕವಿಯೂ ಒಟ್ಟಿಗೆ ದೊರೆತಂತಾಯಿತು. ಎಡ್ಡಿ ಒಹೇಡಾ ಎರಡನೆಯ ಗಿಟಾರ್ ನುಡಿಸುತ್ತಿದ್ದರು. 1978ರಲ್ಲಿ ಮಾರ್ಕ್ ಮೆಂಡೋಜಾ ಬೇಸ್ ಗಿಟಾರಿಗೂ 1982ರಲ್ಲಿ ಎ. ಜೆ. ಪೀರೋ ಡ್ರಮ್ಮಿಗೂ ಬಂದರು. ಐವರ ಮೇಳ ನೆಲೆಗೊಂಡಿತು.

ಇವರು ಒಂದೇ ರಾತ್ರಿಯಲ್ಲಿ ಪ್ರಸಿದ್ಧರಾದವರಲ್ಲ. ಸುಮಾರು ಹತ್ತು ವರ್ಷ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್, ನ್ಯೂ ಜೆರ್ಸಿ, ಕನೆಕ್ಟಿಕಟ್ ಕಡೆಯ ಪಾನಗೃಹಗಳಲ್ಲಿ ವಾರಕ್ಕೆ ಹಲವು ರಾತ್ರಿ, ರಾತ್ರಿಗೆ ಹಲವು ಸರದಿ ಹಾಡಿ ಬೆವರಿಳಿಸಿದವರು. ಆ ದಿನಗಳಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹದಿನೆಂಟು ತುಂಬಿದವರಿಗೆ ಮದ್ಯದ ಅಂಗಡಿಗೆ ಪ್ರವೇಶವಿತ್ತು. ಆದ್ದರಿಂದ ಉಪನಗರದ ಆ ವಿಶಾಲವಾದ ಗೃಹಗಳಲ್ಲಿ ಕಾಲೇಜು ಹುಡುಗರು ಸಾವಿರ ಲೆಕ್ಕದಲ್ಲಿ ನೆರೆಯುತ್ತಿದ್ದರು. ಒಂದೇ ಒಂದು ಧ್ವನಿಮುದ್ರಣ ಸಂಸ್ಥೆಯ ಒಪ್ಪಂದವೂ ಇಲ್ಲದೆ 1979ರಲ್ಲಿ ನ್ಯೂಯಾರ್ಕಿನ ಪ್ಯಾಲೇಡಿಯಮ್ ರಂಗಮಂದಿರವನ್ನು ಭರ್ತಿ ಮಾಡಿದ ಮೇಳವಿದು. ಊರೂರಿಗೆ ಪೆಟ್ಟಿಗೆ ಹೊತ್ತು ತಿರುಗಿ ಡೇರೆ ಹಾಕಿ ಆಡುತ್ತಿದ್ದ ನಮ್ಮ ವೃತ್ತಿ ನಾಟಕ ಕಂಪನಿಗಳ ಪಾಡನ್ನು ಬಲ್ಲವರಿಗೆ ಈ ಹತ್ತು ವರ್ಷಗಳ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯ್ನಾಡಿನ ದೊಡ್ಡ ಸಂಸ್ಥೆಗಳು ಕಡೆಗಣ್ಣಿನಿಂದಲೂ ನೋಡದಿದ್ದಾಗ, 1982ರಲ್ಲಿ ‘ಸೀಕ್ರೆಟ್ ರೆಕಾರ್ಡ್ಸ್’ ಎಂಬ ಇಂಗ್ಲೆಂಡಿನ ಪುಟ್ಟ ಸಂಸ್ಥೆಯೊಂದು ಅವರ ಮೊದಲ ಮುದ್ರಿಕೆ ‘ಅಂಡರ್ ದ ಬ್ಲೇಡ್’ ಅನ್ನು ಹೊರತಂದಿತು. ಮನೆಯ ಕದ ತೆರೆಯಲು ಪರದೇಶದ ಕೀಲಿಕೈ ಬೇಕಾಯಿತು. ಮರುವರ್ಷ ಅಟ್ಲಾಂಟಿಕ್ ಸಂಸ್ಥೆಯ ಮೂಲಕ ‘ಯು ಕಾಂಟ್ ಸ್ಟಾಪ್ ರಾಕ್ ಅಂಡ್ ರೋಲ್’ ಬಂದಿತು. 1984ರ ಮೇ ತಿಂಗಳಲ್ಲಿ ‘ಸ್ಟೇ ಹಂಗ್ರಿ’. ಇದು ಅಮೆರಿಕದಲ್ಲಿಯೇ ಮೂವತ್ತು ಲಕ್ಷ ಪ್ರತಿಗಳ ಮನ್ನಣೆಯನ್ನು ಪಡೆಯಿತು.

ಸಂಗೀತದ ಮಾತು. ರಾಗವಿಸ್ತಾರ, ಗಮಕ, ಮನೋಧರ್ಮ ಎಂಬ ನಮ್ಮ ಅಳತೆಗೋಲುಗಳನ್ನು ಹಿಡಿದು ಇದನ್ನು ಅಳೆಯಹೊರಟರೆ ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಇದು ಒಬ್ಬ ಹಾಡಿ ನೂರು ಜನ ತಲೆದೂಗುವ ಸಂಗೀತವಲ್ಲ. ಒಬ್ಬ ಎತ್ತಿಕೊಟ್ಟದ್ದನ್ನು ಸಾವಿರ ಜನ ಒಟ್ಟಾಗಿ ಕೂಗುವ ಸಂಗೀತ. ಗಿಟಾರಿನ ನುಡಿಸಾಣಿಕೆ ನಾಲ್ಕಾರು ಸ್ವರಗಳಲ್ಲಿ ಸುತ್ತುತ್ತದೆ. ಪಲ್ಲವಿ ಮೊದಲ ಸಲ ಕೇಳಿದಾಗಲೇ ಬಾಯಿಪಾಠವಾಗುತ್ತದೆ. ‘ವಿ ಆರ್ ನಾಟ್ ಗಾನಾ ಟೇಕ್ ಇಟ್’ ಎಂಬ ಅವರ ಅತ್ಯಂತ ಪ್ರಸಿದ್ಧ ಗೀತ ಬರಿಯ ಡ್ರಮ್ಮಿನ ಬಡಿತದಿಂದ ಆರಂಭವಾಗುತ್ತದೆ. ಇನ್ನಾವ ವಾದ್ಯವೂ ಸೇರುವ ಮುನ್ನವೇ ಕೇಳುವವನ ಕಾಲು ನೆಲ ಬಡಿಯತೊಡಗುತ್ತದೆ. ‘ಇದನ್ನು ನಾವು ಸಹಿಸೆವು’ ಎಂಬುದಷ್ಟೇ ಅದರ ತಾತ್ಪರ್ಯ. ಈ ಪಲ್ಲವಿಯ ಮಟ್ಟಿನ ಬೇರು ಎಲ್ಲಿದೆಯೆಂದರೆ, ‘ಓ ಕಮ್ ಆಲ್ ಯೀ ಫೇತ್‌ಫುಲ್’ ಎಂಬ ಹಳೆಯ ಕ್ರಿಸ್ಮಸ್ ಸ್ತೋತ್ರದಲ್ಲಿ! ಇದನ್ನು ಸ್ನೈಡರನೇ ಹೇಳಿಕೊಂಡಿದ್ದಾನೆ. ಇಗರ್ಜಿಯಲ್ಲಿ ಭಕ್ತರನ್ನು ಕರೆದ ಮಟ್ಟು ಮದ್ಯಗೃಹದಲ್ಲಿ ಪುಂಡರನ್ನು ಕರೆಯಿತು. ಮಟ್ಟು ಎಲ್ಲಿಂದೆಲ್ಲಿಗೆ ಹರಿಯುತ್ತದೆಂಬುದು ನಮಗೇನೂ ಹೊಸತಲ್ಲ. ಮರಾಠಿ ರಂಗಗೀತೆಗಳ ಮಟ್ಟುಗಳು ನಮ್ಮ ಕಂಪನಿ ನಾಟಕಗಳಿಗೆ ಬಂದು ಕನ್ನಡ ಕಲಿತದ್ದನ್ನು ಬಲ್ಲೆವು. ಅದೇ ಮುದ್ರಿಕೆಯಲ್ಲಿ ‘ದ ಪ್ರೈಸ್’ ಎಂಬ ಇನ್ನೊಂದು ಗೀತವಿದೆ. ನಿಧಾನಗತಿಯದು, ಬಯಸಿದ್ದಕ್ಕೆ ತೆರಬೇಕಾದ ಬೆಲೆಯ ಕುರಿತದ್ದು. ಆತನ ಗಂಟಲಲ್ಲಿ ಅಬ್ಬರವಲ್ಲದೆ ಅಳಲೂ ಇತ್ತೆಂಬುದು ಅದನ್ನು ಕೇಳಿದರೆ ತಿಳಿಯುತ್ತದೆ. ನನಗೆ ಹಿಡಿಸಿದ ಹಾಡು ಅದೇ.

1981ರಲ್ಲಿ ಆರಂಭವಾಗಿದ್ದ ಎಂಟಿವಿ ಎಂಬ ದೂರದರ್ಶನ ವಾಹಿನಿ ಹಾಡನ್ನು ಕಣ್ಣಿನ ವಸ್ತುವನ್ನಾಗಿ ಮಾಡಿತ್ತು. ‘ವಿ ಆರ್ ನಾಟ್ ಗಾನಾ ಟೇಕ್ ಇಟ್’ ಗೀತಕ್ಕೂ ಒಂದು ಚಿತ್ರ ಸಿದ್ಧವಾಯಿತು. ಮನೆಯಲ್ಲಿ ಗಿಟಾರ್ ಹಿಡಿದ ಹುಡುಗ. ಅವನನ್ನು ಮುಖಕ್ಕೆ ಮುಖವಿಟ್ಟು ಗದರಿಸುವ ತಂದೆ. ಹುಡುಗ ತಂತಿ ಮೀಟಿದರೆ ತಂದೆ ಕಿಟಕಿಯಿಂದ ಹಾರಿ ಹೊರಗೆ ಬೀಳುತ್ತಾನೆ. ಬಿದ್ದವನು ಮತ್ತೆ ಎದ್ದು ಬರುತ್ತಾನೆ, ಮತ್ತೆ ಬೀಳುತ್ತಾನೆ. ತಂದೆಯ ಪಾತ್ರಧಾರಿ ಮಾರ್ಕ್ ಮೆಟ್‌ಕಾಫ್ ಹಾಸ್ಯಚಿತ್ರವೊಂದರಲ್ಲಿ ಇಂಥದೇ ಸಿಡುಕನ ಪಾತ್ರದಿಂದ ಹೆಸರಾದವರು. ನಗಿಸಲೆಂದೇ ಮಾಡಿದ ಚಿತ್ರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಗಲಾರದವರೂ ನೋಡುತ್ತಿದ್ದರು.

1985ರಲ್ಲಿ ವಾಷಿಂಗ್ಟನ್ನಿನ ಕೆಲವು ಪ್ರತಿಷ್ಠಿತ ಮಹಿಳೆಯರು ಸೇರಿ ‘ಪೇರೆಂಟ್ಸ್ ಮ್ಯೂಸಿಕ್ ರಿಸೋರ್ಸ್ ಸೆಂಟರ್’ ಎಂಬ ಸಂಘವನ್ನು ಸ್ಥಾಪಿಸಿದರು. ಅವರಲ್ಲಿ ಶ್ರೀಮತಿ ಟಿಪ್ಪರ್ ಗೋರ್ ಅವರು ಸೆನೆಟರ್ ಆಲ್ ಗೋರ್ ಅವರ ಪತ್ನಿ, ಶ್ರೀಮತಿ ಸೂಸನ್ ಬೇಕರ್ ಅವರು ಖಜಾನೆ ಸಚಿವ ಜೇಮ್ಸ್ ಬೇಕರ್ ಅವರ ಪತ್ನಿ. ಮಗಳಿಗೆಂದು ತಂದ ಪ್ರಿನ್ಸ್ ಎಂಬ ಗಾಯಕನ ಮುದ್ರಿಕೆಯಲ್ಲಿ ಮಕ್ಕಳು ಕೇಳಬಾರದ ಹಾಡೊಂದು ಶ್ರೀಮತಿ ಗೋರ್ ಅವರ ಕಿವಿಗೆ ಬಿದ್ದದ್ದು ಈ ಉದ್ಯಮಕ್ಕೆ ಪ್ರೇರಣೆ. ತಾಯಿಯೊಬ್ಬಳಿಗೆ ಹೀಗೆ ಕಳವಳವಾದದ್ದನ್ನು ನಾನು ಹಗುರವಾಗಿ ಕಾಣಲಾರೆ. ಮನೆಯಲ್ಲಿ ಮಕ್ಕಳಿರುವ ಯಾರೂ ಕಾಣಲಾರರು. ಮುದ್ರಿಕೆಯ ಹೊದಿಕೆಯ ಮೇಲೆ ಎಚ್ಚರಿಕೆಯ ಚೀಟಿಯೊಂದಿರಲಿ ಎಂದು ಕೇಳುವುದು ಅಪರಾಧವೂ ಅಲ್ಲ. ಎಡವಟ್ಟಾದದ್ದು ಮುಂದಿನ ಹೆಜ್ಜೆಯಲ್ಲಿ. ಸಂಘದವರು ಹದಿನೈದು ಹಾಡುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಒಂದೊಂದರ ಮುಂದೆ ಒಂದೊಂದು ಪಾಪದ ಹೆಸರನ್ನು ಬರೆದರು: ಕಾಮ, ಹಿಂಸೆ, ಮದ್ಯ, ಮಾಟ. ಪಟ್ಟಿಯಲ್ಲಿ ಅಶ್ಲೀಲವಾದ ಹಾಡುಗಳು ನಿಜವಾಗಿಯೂ ಇದ್ದವು. ಆದರೆ ಅವುಗಳ ನಡುವೆ, ಹಿಂಸೆಯೆಂಬ ಶೀರ್ಷಿಕೆಯ ಕೆಳಗೆ, ‘ವಿ ಆರ್ ನಾಟ್ ಗಾನಾ ಟೇಕ್ ಇಟ್’ ಕೂಡ ಕುಳಿತಿತ್ತು.

ಆ ಗೀತವನ್ನು ಮೊದಲಿನಿಂದ ಕಡೆಯವರೆಗೆ ಓದಿ ನೋಡಿ. ಆಯುಧವಿಲ್ಲ, ರಕ್ತವಿಲ್ಲ, ಹೊಡೆತವಿಲ್ಲ, ತಂದೆಯೂ ಇಲ್ಲ. ತಂದೆ ಇರುವುದು ಚಿತ್ರದಲ್ಲಿ. ಸಂಘದವರು ಚಿತ್ರವನ್ನು ನೋಡಿ ಹಾಡಿಗೆ ಶಿಕ್ಷೆ ಬರೆದಿದ್ದರು. ನಮ್ಮ ಕರಾವಳಿಯಲ್ಲಿ ಯಕ್ಷಗಾನದ ಬಣ್ಣದ ವೇಷ ಚೌಕಿಯಿಂದ ಅಬ್ಬರಿಸಿಕೊಂಡು ಬಂದಾಗ ತೊಟ್ಟಿಲ ಕೂಸು ಹೆದರಬಹುದು. ಆದರೆ ಆ ರಕ್ಕಸ ಬೆಳಗಾದ ಮೇಲೆ ತೋಟಕ್ಕೆ ನೀರು ಬಿಡುವ ಪಕ್ಕದ ಮನೆಯವರೆಂಬುದು ಊರಿಗೆಲ್ಲ ಗೊತ್ತು. ಈ ಗೊತ್ತು ಇರುವುದರಿಂದಲೇ ಅಲ್ಲಿ ಕಲೆ ಸಾಧ್ಯವಾಗಿದೆ.

ವಿಚಾರಣೆಯ ದಿನ ಸಮಿತಿಯ ಅಧ್ಯಕ್ಷತೆ ವಹಿಸಿದವರು ಸೆನೆಟರ್ ಜಾನ್ ಡ್ಯಾನ್‌ಫರ್ತ್. ದೂರಿತ್ತವರ ಪತಿಯಾದ ಆಲ್ ಗೋರ್ ಅವರು ಅದೇ ಸಮಿತಿಯ ಸದಸ್ಯರು. ಅಂದು ಪ್ರಶ್ನೆ ಕೇಳಿದವರಲ್ಲಿಯೂ ಒಬ್ಬರು. ಕಲಾವಿದರ ಕಡೆಯಿಂದ ಮೂವರು ಬಂದಿದ್ದರು. ವಾಗ್ಮಿ ಫ್ರಾಂಕ್ ಜಾಪಾ ಈ ಚಿಕಿತ್ಸೆ ತಲೆಹೊಟ್ಟಿಗೆ ತಲೆ ಕಡಿದಂತೆ ಎಂದು ಮೂದಲಿಸಿದರು. ಸೌಮ್ಯರಾದ ಜಾನ್ ಡೆನ್ವರ್ ಪರ್ವತಶಿಖರದ ನಿಸರ್ಗಾನಂದವನ್ನು ಹಾಡಿದ ತಮ್ಮದೇ ಗೀತವನ್ನು ಮಾದಕವಸ್ತುವಿನ ಹಾಡೆಂದು ತಿಳಿದು ಕೆಲವು ಆಕಾಶವಾಣಿ ನಿಲಯಗಳು ಬಹಿಷ್ಕರಿಸಿದ ಕಥೆಯನ್ನು ಹೇಳಿದರು. ಮೂರನೆಯವನು ಸ್ನೈಡರ್. ತೋಳಿಲ್ಲದ ಒರಟು ಬಟ್ಟೆಯ ಅಂಗಿ, ಕಪ್ಪು ಕನ್ನಡಕ, ಕೆದರಿದ ಕೂದಲು. ಷರಾಯಿಯ ಕಿಸೆಯಿಂದ ಮಡಿಸಿದ ಕಾಗದವೊಂದನ್ನು ತೆಗೆದು ಬಿಡಿಸಿದ. ಈತನಿಂದ ತೊದಲುಮಾತನ್ನು ನಿರೀಕ್ಷಿಸಿದ್ದವರಿಗೆ ಆಶಾಭಂಗವಾಯಿತು. ತನಗೆ ಮೂವತ್ತು ವರ್ಷ, ಮದುವೆಯಾಗಿದೆ, ಮೂರು ವರ್ಷದ ಮಗನಿದ್ದಾನೆ, ತಾನು ಕ್ರೈಸ್ತ ಸಂಪ್ರದಾಯದಲ್ಲಿ ಬೆಳೆದು ಅದನ್ನೇ ಅನುಸರಿಸುವವನು, ಹೊಗೆ ಮದ್ಯ ಮಾದಕಗಳನ್ನು ಮುಟ್ಟುವವನಲ್ಲ ಎಂದು ಮೊದಲು ಹೇಳಿಕೊಂಡ. ಗೀತಚಿತ್ರದಲ್ಲಿನ ಬೀಳು–ಏಳುಗಳು ಮಕ್ಕಳು ನೋಡುವ ರೋಡ್ ರನ್ನರ್ ವ್ಯಂಗ್ಯಚಿತ್ರಗಳ ಮಾದರಿಯವು ಎಂದ. ಅದೇ ಚಿತ್ರದ ಭಾಗಗಳನ್ನು ಬದಲಾಗುತ್ತಿರುವ ಅಮೆರಿಕನ್ ಕುಟುಂಬದ ವಿಷಯವಾಗಿ ತಾನು ಸಿದ್ಧಪಡಿಸುತ್ತಿದ್ದ ಕಾರ್ಯಕ್ರಮದಲ್ಲಿ ಬಳಸಿಕೊಳ್ಳಲು ‘ಯುನೈಟೆಡ್ ವೇ’ ಎಂಬ ದಾನಸಂಸ್ಥೆ ಅನುಮತಿ ಪಡೆದಿರುವುದನ್ನೂ ತಿಳಿಸಿದ.

ಆದರೆ ವಿಚಾರಣೆಯ ಮರ್ಮಸ್ಥಾನ ಬೇರೆಯದು. ‘ಅಂಡರ್ ದ ಬ್ಲೇಡ್’, ಎಂದರೆ ‘ಅಲಗಿನ ಅಡಿಯಲ್ಲಿ’, ಎಂಬ ಅವರ ಮೊದಲ ಮುದ್ರಿಕೆಯ ಹಾಡು ಚಿತ್ರಹಿಂಸೆಯ ಸುಖವನ್ನೂ ಕಟ್ಟಿಹಾಕುವುದನ್ನೂ ಬಲಾತ್ಕಾರವನ್ನೂ ಪ್ರೋತ್ಸಾಹಿಸುತ್ತದೆಂದು ಶ್ರೀಮತಿ ಗೋರ್ ಅವರು ಲೇಖನವೊಂದರಲ್ಲಿ ಬರೆದಿದ್ದರು. ಸ್ನೈಡರನ ಉತ್ತರ: ಆ ಹಾಡು ಶಸ್ತ್ರಚಿಕಿತ್ಸೆಯ ಕುರಿತದ್ದು. ಗಿಟಾರ್ ವಾದಕ ಒಹೇಡಾ ಅವರಿಗೆ ಗಂಟಲಿನ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದಾಗ, ಮೇಜಿನ ಮೇಲೆ ಮಲಗಿದವನ ಭಯವನ್ನು ಕುರಿತು ಅದನ್ನು ಬರೆದದ್ದು. ಚಿತ್ರಹಿಂಸೆಯನ್ನು ಅರಸಿಕೊಂಡು ಬಂದವರಿಗೆ ಚಿತ್ರಹಿಂಸೆ ಕಂಡಿತು. ಅದಿರುವುದು ಹಾಡಿನಲ್ಲಲ್ಲ, ಓದಿದವರ ಮನಸ್ಸಿನಲ್ಲಿ ಎಂದು ಆತ ಹೇಳಿದ. ಕೇಳುಗರು ತಮ್ಮ ಕಲ್ಪನೆ, ಅನುಭವ, ಕನಸುಗಳನ್ನು ತುಂಬಿಕೊಳ್ಳಲು ಮಾತಿನಲ್ಲಿ ತೆರಪು ಉಳಿದಿರುವುದೇ ಸಾಹಿತ್ಯ, ಕಾವ್ಯ, ಸಂಗೀತಗಳ ಸೊಬಗು ಎಂಬುದು ಆತನ ವಾದ. ಸಹೃದಯ ಎಂಬ ನಮ್ಮ ಮಾತನ್ನು ಆತ ಕೇಳಿರಲಾರ; ಆದರೆ ಅಂದು ಹೇಳಿದ್ದು ಅದನ್ನೇ.

ಇಲ್ಲಿ ಆತನ ಪಕ್ಷವನ್ನು ಕಣ್ಣುಮುಚ್ಚಿ ವಹಿಸುವುದು ನನ್ನಿಂದಾಗದು. ಆ ಹಾಡಿನಲ್ಲಿ ಆಸ್ಪತ್ರೆಯಿಲ್ಲ. ಕಟ್ಟಿಹಾಕಿದ ದೇಹವೊಂದಿದೆ, ಮೇಲೆ ಉರಿಯುವ ಬೆಳಕಿದೆ, ಹೊಳೆಯುವ ಅಲಗಿದೆ, ಬೆವರುವ ಭಯವಿದೆ. ಇದನ್ನು ಓದಿ ಚಿತ್ರಹಿಂಸೆಯನ್ನು ನೆನೆದವರನ್ನು ಅರಸಿಕರೆಂದು ಜರಿಯುವುದು ನ್ಯಾಯವಲ್ಲ. ಹಾಡೇ ಆ ನೆನಪಿಗೆ ಎಡೆಕೊಟ್ಟಿದೆ. ದೋಷವಿರುವುದು ಇನ್ನೊಂದು ಕಡೆ. ವ್ಯಂಗ್ಯಾರ್ಥವು ಹೊಳೆಯಬೇಕಾದರೆ ಹೇಳುವವನು ಯಾರು, ಯಾರಿಗೆ ಹೇಳಿದ್ದು, ಯಾವ ಸಂದರ್ಭದಲ್ಲಿ, ಯಾವ ದೇಶಕಾಲದಲ್ಲಿ, ಎಂಥ ಕಾಕುವಿನಿಂದ ಎಂಬುದನ್ನೆಲ್ಲ ನೋಡಬೇಕೆಂದು ಮಮ್ಮಟ ವಿಧಿಸಿದ್ದಾನೆ. ಸೂರ್ಯ ಮುಳುಗಿದ ಎಂಬ ಒಂದೇ ವಾಕ್ಯ ಕಳ್ಳನಿಗೆ ಒಂದರ್ಥ, ದನಗಾಹಿಗೆ ಒಂದರ್ಥ, ಪ್ರಿಯನನ್ನು ಕಾಯುವವಳಿಗೆ ಒಂದರ್ಥ ಎಂಬುದು ಪ್ರಸಿದ್ಧ ನಿದರ್ಶನ. ಶ್ರೀಮತಿ ಗೋರ್ ಅವರು ತಮಗೆ ಹೊಳೆದ ಅರ್ಥವನ್ನು ತಮಗೆ ಹೊಳೆದದ್ದೆಂದು ಹೇಳಲಿಲ್ಲ. ಹಾಡಿನ ವಾಚ್ಯಾರ್ಥವೇ ಅದೆಂದು, ಅದು ಪ್ರೋತ್ಸಾಹವೆಂದು ಬರೆದುಬಿಟ್ಟರು. ಸೂರ್ಯ ಮುಳುಗಿದ ಎಂದವನ ಮೇಲೆ ಕಳ್ಳತನಕ್ಕೆ ಪ್ರಚೋದಿಸಿದನೆಂದು ಫಿರ್ಯಾದು ಕೊಟ್ಟಂತಾಯಿತು.

ಸೆನೆಟರ್ ಗೋರ್ ಅವರೂ ಒಂದು ಗುದ್ದು ಕೊಡದೆ ಬಿಡಲಿಲ್ಲ. ಮೇಳದ ಅಭಿಮಾನಿಗಳ ಸಂಘದ ಹೆಸರಿನ ಮೂರು ಅಕ್ಷರಗಳನ್ನು ಬಿಡಿಸಿ ಹೇಳುವಂತೆ ಕೇಳಿದರು. ಬಿಡಿಸಿದರೆ ಅದರಲ್ಲೊಂದು ಹೊಲಸು ಬೈಗಳು. ಸ್ನೈಡರ್ ಮುಚ್ಚುಮರೆಯಿಲ್ಲದೆ ಹೇಳಿದ. ಬೈಗುಳಕ್ಕೂ ಕ್ರೈಸ್ತ ಧರ್ಮಕ್ಕೂ ಸಂಬಂಧವಿಲ್ಲವೆಂದ. ಜಾಣ ಉತ್ತರವೇ. ಆದರೂ ಬೀದಿಯ ಬೈಗುಳವನ್ನು ಧ್ವಜದ ಮೇಲೆ ಬರೆದುಕೊಂಡವನು ತಾಯಂದಿರು ಬೆಚ್ಚಿದರೆಂದು ಆಶ್ಚರ್ಯಪಡುವುದು ಅಷ್ಟಾಗಿ ಸಲ್ಲದು. ಬೆಚ್ಚಿಸುವುದು ಆ ವೇಷದ ವ್ಯಾಪಾರವೇ ಆಗಿತ್ತು.

ಅದೇ ವರ್ಷದ ನವೆಂಬರಿನಲ್ಲಿ ಧ್ವನಿಮುದ್ರಣ ಸಂಸ್ಥೆಗಳ ಒಕ್ಕೂಟ ಎಚ್ಚರಿಕೆಯ ಚೀಟಿಗೆ ತಾನಾಗಿಯೇ ಒಪ್ಪಿಕೊಂಡಿತು. ಅಂಗಡಿಯಲ್ಲಿ ಮಾರುವ ಖಾಲಿ ಟೇಪಿನ ಮೇಲೆ ತೆರಿಗೆ ವಿಧಿಸಬೇಕೆಂಬ ಸಂಸ್ಥೆಗಳ ಬೇಡಿಕೆ ಆಗ ಶಾಸನಸಭೆಯಲ್ಲಿ ನೆನೆಗುದಿಗೆ ಬಿದ್ದಿತ್ತೆಂಬುದನ್ನೂ ಅದಕ್ಕೂ ಈ ವಿಧೇಯತೆಗೂ ಸಂಬಂಧವಿರಬಹುದೆಂಬುದನ್ನೂ ಜಾಪಾ ಅವರು ವಿಚಾರಣೆಯಲ್ಲಿಯೇ ಚುಚ್ಚಿ ಹೇಳಿದ್ದರು. 1990ರಿಂದ ಎಲ್ಲ ಸಂಸ್ಥೆಗಳಿಗೂ ಒಂದೇ ಬಗೆಯ ಕಪ್ಪುಬಿಳುಪಿನ ಚೀಟಿ ಬಂದಿತು. ಈಗ ಅದು ಹಾಡುಗಳ ಪಕ್ಕದಲ್ಲಿ ಒಂದು ಸಣ್ಣ ಅಕ್ಷರವಾಗಿ ನಮ್ಮ ಕೈಫೋನುಗಳೊಳಕ್ಕೂ ಬಂದು ಕುಳಿತಿದೆ.

ಮೇಳದ ಮುಂದಿನ ಕಥೆ ಚಿಕ್ಕದು. 1985ರ ಕೊನೆಯಲ್ಲಿ ಬಂದ ‘ಕಮ್ ಔಟ್ ಅಂಡ್ ಪ್ಲೇ’ ಹಿಂದಿನದರ ಸಮೀಪಕ್ಕೂ ಏರಲಿಲ್ಲ. 1987ರ ‘ಲವ್ ಈಸ್ ಫಾರ್ ಸಕರ್ಸ್’ ಮತ್ತಷ್ಟು ಬಡವಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಸ್ನೈಡರ್ ಹೊರನಡೆದ, ಮೇಳ ಮುರಿಯಿತು. ವಿಚಾರಣೆಯೇ ಅವರನ್ನು ಕೆಡವಿತೆಂದು ಹೇಳುವವರಿದ್ದಾರೆ, ನನಗೆ ಹಾಗೆನಿಸದು. ಆ ಎರಡು ಮುದ್ರಿಕೆಗಳನ್ನು ಕೇಳಿದರೆ, ಹತ್ತು ವರ್ಷದ ಹಸಿವಿನಿಂದ ಹುಟ್ಟಿದ ಹಾಡುಗಳ ಸರಕು ತೀರಿದ್ದು ತಿಳಿಯುತ್ತದೆ. 2001ರ ನವೆಂಬರಿನಲ್ಲಿ, ನ್ಯೂಯಾರ್ಕಿನ ಅವಳಿ ಗೋಪುರಗಳ ದುರಂತದ ಸಂತ್ರಸ್ತರ ನೆರವಿಗಾಗಿ ಐವರೂ ಮತ್ತೆ ಕೂಡಿ ಹಾಡಿದರು. 2015ರಲ್ಲಿ ಪೀರೋ ತೀರಿಕೊಂಡ ಮೇಲೆ, 2016ರಲ್ಲಿ ವಿದಾಯದ ಪ್ರವಾಸ ನಡೆಯಿತು.

ಆದರೆ ಹಾಡು ಮೇಳಕ್ಕಿಂತ ಗಟ್ಟಿಯಾಗಿ ನಿಂತಿತು. ‘ಇದನ್ನು ಸಹಿಸೆವು’ ಎಂಬಲ್ಲಿನ ‘ಇದು’ ಯಾವುದೆಂದು ಹಾಡಿನಲ್ಲಿ ಎಲ್ಲಿಯೂ ಹೇಳಿಲ್ಲ. ಆ ಒಂದು ಸರ್ವನಾಮದ ಹೊಟ್ಟೆಯಲ್ಲಿ ಯಾರು ಏನನ್ನು ಬೇಕಾದರೂ ಇಡಬಹುದು. ಹುಡುಗ ಶಾಲೆಯನ್ನಿಟ್ಟ, ಕೂಲಿಯವನು ಯಜಮಾನನನ್ನಿಟ್ಟ, ರಾಜಕಾರಣಿ ಎದುರಾಳಿಯನ್ನಿಟ್ಟ. ಅಮೆರಿಕದಲ್ಲಿ 2012ರಲ್ಲಿ ಪಾಲ್ ರಯನ್ ಅವರ ಚುನಾವಣಾ ಸಭೆಯಲ್ಲಿ ಇದು ಮೊಳಗಿದಾಗ ಸ್ನೈಡರ್ ಆಕ್ಷೇಪಿಸಿದ. 2016ರಲ್ಲಿ ಡೊನಾಲ್ಡ್ ಟ್ರಂಪ್ ಅವರಿಗೆ ಮೊದಲು ಅನುಮತಿ ಕೊಟ್ಟು, ಅನಂತರ ನಿಲ್ಲಿಸುವಂತೆ ಕೇಳಿಕೊಂಡ. 2022ರಲ್ಲಿ ಉಕ್ರೇನಿನವರು ಹಾಡಿದರೆ ಸಂತೋಷವೆಂದ. ಮುಖಗವಸನ್ನು ವಿರೋಧಿಸುವವರು ಹಾಡಿದರೆ ಸಮ್ಮತವಿಲ್ಲವೆಂದ. ಕೇಳುಗನ ಕಲ್ಪನೆಗೆ ತೆರಪಿರಬೇಕೆಂದು ಸೆನೆಟಿನ ಮುಂದೆ ವಾದಿಸಿದವನೇ ಈಗ ತೆರಪಿನ ಬಾಗಿಲಲ್ಲಿ ಕಾವಲು ನಿಂತದ್ದು ಸೋಜಿಗ. ಬರೆದವನಿಗೆ ತನ್ನ ಮಾತಿನ ಮೇಲೆ ಮಮತೆಯಿರುವುದು ಸಹಜ. ಆದರೆ ಸರ್ವನಾಮವನ್ನು ಬಿಡುಗಡೆ ಮಾಡಿದ ಮೇಲೆ ಹಿಂದಕ್ಕೆ ಕರೆಯುವುದು ಕಷ್ಟ.

ಆಸ್ಟ್ರೇಲಿಯದಲ್ಲಿ ಅದು ನ್ಯಾಯಾಲಯಕ್ಕೇ ಹೋಯಿತು. ಗಣಿ ಉದ್ಯಮಿ ಕ್ಲೈವ್ ಪಾಮರ್ 2019ರ ಚುನಾವಣೆಯಲ್ಲಿ ತಮ್ಮ ಪಕ್ಷದ ಜಾಹೀರಾತುಗಳಿಗೆ, ಪದ ಬದಲಿಸಿ ಈ ಹಾಡನ್ನೇ ಬಳಸಿಕೊಂಡರು, ಅನುಮತಿ ಪಡೆದಿರಲಿಲ್ಲ. ಹಕ್ಕುದಾರರಾದ ಯೂನಿವರ್ಸಲ್ ಸಂಸ್ಥೆ ದಾವೆ ಹೂಡಿತು. ಪ್ರತಿವಾದಿಗಳು ಹೇಳಿದ ಸಮಾಧಾನಗಳಲ್ಲಿ ಒಂದು, ಮಟ್ಟು ಸ್ನೈಡರನ ಸ್ವಂತದ್ದೇ ಅಲ್ಲ, ಹಳೆಯ ಕ್ರಿಸ್ಮಸ್ ಸ್ತೋತ್ರದಿಂದ ಬಂದದ್ದು ಎಂಬುದು. 2021ರ ಏಪ್ರಿಲಿನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಆ ಸಮಾಧಾನವನ್ನು ತಳ್ಳಿಹಾಕಿ ಹದಿನೈದು ಲಕ್ಷ ಡಾಲರು ಪರಿಹಾರ ವಿಧಿಸಿತು. ಈ ಸಲ ಪೀಠದ ಮೇಲೆ ಕುಳಿತವರು ಹಾಡಿನ ಅರ್ಥಕ್ಕೆ ಕೈಹಾಕಲಿಲ್ಲ. ಸ್ವರಗಳನ್ನು ಸ್ತೋತ್ರದ ಪಕ್ಕದಲ್ಲಿಟ್ಟು ಪರಿಶೀಲಿಸಿದರು. ಆ ಸ್ತೋತ್ರವನ್ನಾದರೋ ಮೇಳದವರೇ 2006ರ ತಮ್ಮ ಕ್ರಿಸ್ಮಸ್ ಮುದ್ರಿಕೆಯಲ್ಲಿ ಹಾಡಿಬಿಟ್ಟಿದ್ದರು, ‘ಸಹಿಸೆವು’ ಹಾಡಿನ ಅದೇ ಡ್ರಮ್ಮಿನ ಬಡಿತದೊಡನೆ.